ಶಾಖ ಹೋದ ಕಡೆ

ಫೆಬ್ರವರಿಯ ಮೂರನೆಯ ವಾರಕ್ಕೆ ಬಂದರೆ ಕಣಿವೆಯಲ್ಲಿ ಯಾರೂ ಚಳಿಯ ಮಾತೆತ್ತುವುದಿಲ್ಲ. ಆಡುವುದನ್ನೆಲ್ಲ ಜನವರಿಯಲ್ಲೇ ಆಡಿ ಮುಗಿಸಿರುತ್ತಾರೆ. ಹಿಮ ಕಿಟಕಿಯ ಹಲಗೆಯ ಮಟ್ಟಕ್ಕೆ ಬಂದು ನಿಂತಿತ್ತು. ಆಲೂಗಡ್ಡೆಯ ಉಗ್ರಾಣಗಳು ಅರ್ಧ ಮಣ್ಣಿನಲ್ಲಿ, ಅರ್ಧ ಹಿಮದಲ್ಲಿ ಹೂತು, ಅವುಗಳ ಹೊಗೆಕೊಳವೆಗಳಷ್ಟೇ ಯಾರೋ ಗಡಿ ಗುರುತಿಗೆ ನೆಟ್ಟು ಮರೆತ ಗೂಟಗಳ ಹಾಗೆ ಬಯಲಿನಲ್ಲಿ ನಿಂತಿದ್ದವು. ಡಿಸೆಂಬರಿನಲ್ಲಿ ಮಲಗಿದ ನದಿ ಇನ್ನೂ ಮಗ್ಗಲು ಬದಲಿಸಿರಲಿಲ್ಲ. ಎಲ್ಫೇಜ್ ಡ್ಯೂಬೆ ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟವನು ಹತ್ತರೊಳಗೆ ಎರಡು ಮನೆ ಮುಗಿಸಿದ್ದ. ಒಂದು ಕಡೆ ಬಾಯ್ಲರಿಗೆ ಎಣ್ಣೆ ಚಿಮ್ಮುವ ನಳಿಗೆ ಕಟ್ಟಿಕೊಂಡಿತ್ತು, ಇನ್ನೊಂದು ಕಡೆ ನೀರು ತಿರುಗಿಸುವ ಪಂಪು ಸತ್ತಿತ್ತು. ಎರಡೂ ಕಡೆ ಅವನು ತನ್ನ ಅಭ್ಯಾಸದಂತೆ ಹೆಚ್ಚು ಮಾತಾಡದೆ ನೆಲಮಾಳಿಗೆಗೆ ಇಳಿದು, ಕೆಲಸ ಮುಗಿಸಿ, ಮೇಲೆ ಬಂದು ಕೈ ತೊಳೆದುಕೊಂಡು ಹೊರಟಿದ್ದ. ನಿನ್ನೆ ಬೂದಿ ಬುಧವಾರದ ಪೂಜೆಯಲ್ಲಿ ಪಾದ್ರಿ ಹಣೆಗಿಟ್ಟ ಬೂದಿ ಉಣ್ಣೆಯ ಟೋಪಿಯೊಳಗೆ ಉಜ್ಜಿಕೊಂಡು ಹೋಗಿತ್ತು. ಮೂರನೆಯ ಮನೆ ಯಾವುದು ಎಂಬುದು ಅವನಿಗೆ ಬೆಳಿಗ್ಗೆ ಕಣ್ಣು ಬಿಟ್ಟಾಗಲೇ ಗೊತ್ತಿತ್ತು. ಮೊದಲು ಅಲ್ಲಿಗೇ ಹೋಗಬೇಕಾಗಿತ್ತು. ಅದಕ್ಕೇ ಮೊದಲು ಹೋಗಿರಲಿಲ್ಲ.

ದಾರಿಯಲ್ಲಿ ಬಿಡಿಭಾಗದ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ. ಕೌಂಟರಿನ ಹಿಂದೆ ನಿಂತ ಕ್ಲೋವಿಸ್ ಕಾಫಿ ಕುಡಿಯುತ್ತ, ಒಲೆಯ ಪಕ್ಕ ಕೂತ ಇಬ್ಬರು ಸೌದೆಯವರಿಗೆ ಏನೋ ಹೇಳಿ ನಗಿಸುತ್ತಿದ್ದ. ಎಲ್ಫೇಜ್ ಒಳಗೆ ಬಂದದ್ದೇ ನಗು ಒಂದು ಕ್ಷಣ ನಿಂತು, ಆಮೇಲೆ ಬೇರೆ ತರಹದಲ್ಲಿ ಶುರುವಾಯಿತು.

“ಏನಯ್ಯಾ, ರೊಸೇರ್‌ನನ್ನ ಮೀನು ಇಟ್ಟ ಹಾಗೆ ಮಂಜುಗಡ್ಡೆಯಲ್ಲಿಟ್ಟು ಆಸ್ಪತ್ರೆಗೆ ರವಾನಿಸಿದೆಯಂತೆ?” ಅಂದ ಕ್ಲೋವಿಸ್.

“ನ್ಯುಮೋನಿಯಾ ಕಣೋ. ಎಪ್ಪತ್ತೊಂಬತ್ತು ವರ್ಷದ ಎದೆ.”

“ಅದೂ ಸರಿ ಅನ್ನು. ಆದರೆ ಹೋದ ವಾರ ಪಾದ್ರಿ ಆಸ್ಪತ್ರೆಗೆ ನೋಡೋಕೆ ಬಂದಾಗ ಮುದುಕ ಹೇಳಿದನಂತೆ, ‘ನರಕದಲ್ಲಿ ಬೆಂಕಿ ಹಾಕೋ ಕೆಲಸ ಎಲ್ಫೇಜ್‌ಗೆ ಕೊಟ್ಟಿದ್ದರೆ ಮೊದಲೇ ಹೇಳಿಬಿಡಿ ಸ್ವಾಮಿ, ನಾನು ಕಂಬಳಿ ಹೊದ್ದುಕೊಂಡೇ ಸಾಯ್ತೀನಿ’ ಅಂತ!”

ಸೌದೆಯವರು ತೊಡೆ ತಟ್ಟಿಕೊಂಡು ನಕ್ಕರು. ಎಲ್ಫೇಜನೂ ನಕ್ಕ, ಕೊಂಚ ತಡವಾಗಿ. ನಗು ಮುಗಿದ ಮೇಲೂ ತನ್ನ ತುಟಿ ಹಾಗೇ ಹಿಗ್ಗಿಕೊಂಡಿದೆ ಎಂದು ಅನ್ನಿಸಿ, ಅದನ್ನು ಕೆಳಗಿಳಿಸುವುದು ಹೇಗೆಂದು ತಿಳಿಯದೆ, ಕಪಾಟಿನತ್ತ ತಿರುಗಿ ಒಂದು ಹೊಸ ಥರ್ಮೋಸ್ಟಾಟಿನ ಪೆಟ್ಟಿಗೆ ತೆಗೆದುಕೊಂಡ. ಗೋಡೆಗೆ ಅಂಟಿಸುವ ದುಂಡನೆಯ ಡಬ್ಬಿ. ಇಷ್ಟು ಬೆಚ್ಚಗಿರಲಿ ಎಂದು ಅದರ ಬಿಲ್ಲೆ ತಿರುಗಿಸಿಟ್ಟರೆ, ಕೋಣೆ ತಣ್ಣಗಾದಾಗ ಒಳಗಿನ ಗಾಜಿನ ಗುಳ್ಳೆ ವಾಲಿ, ಪಾದರಸದ ಹನಿ ಉರುಳಿ, ಕೆಳಗೆ ಬೆಂಕಿ ಹತ್ತುತ್ತದೆ. ಕೆಡುವಂಥದ್ದು ಅದರಲ್ಲಿ ಏನೂ ಇಲ್ಲ. ಮೂವತ್ತು ವರ್ಷದಲ್ಲಿ ಅವನು ನಿಜವಾಗಿ ಕೆಟ್ಟ ಥರ್ಮೋಸ್ಟಾಟುಗಳನ್ನು ನೋಡಿದ್ದು ನಾಲ್ಕೋ ಐದೋ. ಆದರೂ ಜನ ಮೊದಲು ಬೆರಳು ತೋರಿಸುವುದು ಅದರ ಕಡೆಗೇ, ಯಾಕೆಂದರೆ ಅವರಿಗೆ ಕಾಣುವುದು ಅದೊಂದೇ. ಇವತ್ತು ಅದು ಕೆಟ್ಟಿದ್ದರೆ ಸಾಕು ಎಂದು ತಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿರುವುದು ಗೊತ್ತಾಗಿ ಎಲ್ಫೇಜನಿಗೆ ನಾಚಿಕೆಯಾಯಿತು.

ರೊಸೇರ್ ಅವನಿಗೆ ಬೆಂಕಿಯ ಕೆಲಸ ಕಲಿಸಿದವನು. ಸನ್ಯಾಸಿನಿಯರ ಶಾಲೆಯ ಕೆಳಗಿನ ಕತ್ತಲೆ ಕೋಣೆಯಲ್ಲಿ ಎರಡು ದೊಡ್ಡ ಬಾಯ್ಲರುಗಳಿದ್ದವು. ಮೂವತ್ತೆರಡು ಚಳಿಗಾಲ ಅವುಗಳಿಗೆ ಉಣಿಸಿದವನು ಅವನೊಬ್ಬನೇ. ಎಲ್ಫೇಜ್ ಹತ್ತೊಂಬತ್ತರಲ್ಲಿ ಅಲ್ಲಿಗೆ ಸೇರಿದಾಗ ರೊಸೇರ್ ಅವನನ್ನು ಬಾಯ್ಲರಿನ ಕಡೆ ಬೆನ್ನು ಹಾಕಿ ನಿಲ್ಲಿಸಿ, “ಕಣ್ಣು ಮುಚ್ಚು. ಯಾವುದು ಉರೀತಿದೆ, ಯಾವುದು ಸುಮ್ಮನೆ ಸದ್ದು ಮಾಡ್ತಿದೆ, ಬೆನ್ನಿಂದ ಹೇಳು” ಎನ್ನುತ್ತಿದ್ದ. ತಪ್ಪಿದರೆ ಬೈಯುತ್ತಿರಲಿಲ್ಲ, ಮತ್ತೆ ನಿಲ್ಲಿಸುತ್ತಿದ್ದ. ಒಂದು ತಿಂಗಳಾದ ಮೇಲೆ ಬೆನ್ನಿಗೆ ಕೇಳಿಸತೊಡಗಿತ್ತು. ಈಗ ಗಾಡಿಯ ಹೀಟರಿನ ಬಿಸಿಗಾಳಿ ಮೊಣಕಾಲಿಗೆ ಬಡಿಯುತ್ತಿರುವಾಗ ಎಲ್ಫೇಜನ ಬೆನ್ನು ಮಾತ್ರ ತಣ್ಣಗಿತ್ತು. ರಸ್ತೆ ಗೋರುವ ಬಂಡಿ ತಳ್ಳಿಹೋದ ಹಿಮದ ಗೋಡೆಗಳ ನಡುವೆ ರಸ್ತೆ ಒಂದು ಕಾಲುವೆಯ ಹಾಗಿತ್ತು. ತಿರುಗಿಸಿಕೊಂಡು ಹೋಗಬೇಕೆಂದರೂ ಜಾಗವಿರಲಿಲ್ಲ.

ಅಡುಗೆಮನೆಯ ಬಾಗಿಲು ತೆರೆದವಳು ಓಡೀಲ್. ಗಂಡನಿಗಿಂತ ನಾಲ್ಕು ವರ್ಷ ಚಿಕ್ಕವಳು, ಆದರೆ ಈ ಚಳಿಗಾಲದಲ್ಲಿ ಆ ನಾಲ್ಕು ವರ್ಷ ಎಲ್ಲಿ ಹೋದವೋ. ಒಲೆಯ ಮೇಲಿನ ಕಾವಲಿಯಲ್ಲಿ ಹುರುಳಿಗೋಧಿಯ ಪ್ಲೋಯ್ ದೋಸೆ ತೂತುತೂತಾಗಿ ಉಬ್ಬುತ್ತಿತ್ತು. “ಬಾ. ಬೂಟು ಬಿಚ್ಚಬೇಡ, ನೆಲ ಹೇಗೂ ಗಲೀಜಾಗಿದೆ” ಅಂದಳು. ಅವನು ಬಿಚ್ಚಿದ. ಕಾಲುಚೀಲದ ಹೆಬ್ಬೆರಳಿನ ತೂತು ಅವಳ ಕಣ್ಣಿಗೆ ಬೀಳದಂತೆ ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ನಿಂತ.

“ಹೇಗಿದ್ದಾರೆ?”

“ಬೈತಾನೆ. ಬೈತಾ ಇದ್ದಾನೆ ಅಂದರೆ ಬದುಕ್ತಾನೆ ಅಂತ ನರ್ಸಮ್ಮ ಹೇಳಿದಳು. ನಾಳೆ ಮನೆಗೆ ಕಳಿಸ್ತೀನಿ ಅಂದಿದ್ದಾರೆ ಡಾಕ್ಟರು, ಆದರೆ ಕೋಣೆ ಬೆಚ್ಚಗಿದ್ದರೆ ಮಾತ್ರ. ನಲವತ್ತೊಂಬತ್ತು ಡಿಗ್ರಿ ಚಳಿಯಲ್ಲಿ ಮಲಗಿದ್ದ ಮನುಷ್ಯ ಅಂತ ನನ್ನ ಮುಖ ನೋಡಿ ಹೇಳಿದರು ಎಲ್ಫೇಜ್, ನಾನೇ ಹೊರಗೆ ಮಲಗಿಸಿದ್ದೆ ಅನ್ನೋ ಹಾಗೆ. ಬೆಚ್ಚಗಾಗಲಿಲ್ಲ ಅಂದರೆ ಅಲ್ಲಿಂದ ಸೀದಾ ವೃದ್ಧರ ಮನೆಗಂತೆ. ಅಲ್ಲಿಗೆ ಹೋದವರು ಯಾರಾದರೂ ನಡೆದುಕೊಂಡು ವಾಪಸ್ ಬಂದದ್ದು ನೋಡಿದ್ದೀಯಾ ನೀನು?”

“ಇವತ್ತು ಬೆಚ್ಚಗಾಗುತ್ತೆ.”

“ಜನವರಿಯಲ್ಲೂ ಹೀಗೇ ಅಂದೆ.” ಅದರಲ್ಲಿ ಚುಚ್ಚಿದ್ದೇನೂ ಇರಲಿಲ್ಲ. ಅವಳು ಸೌಟಿನಲ್ಲಿ ಹಿಟ್ಟು ಎತ್ತಿ ಕಾವಲಿಗೆ ಹೊಯ್ದಳು. “ಮೊದಲು ಒಂದೆರಡು ತಿನ್ನು.”

“ಕೆಲಸ ಆಗಲಿ.”

ಹಿಂದಿನ ಕೋಣೆ ಒಂದು ಕಾಲಕ್ಕೆ ಬೇಸಗೆಯ ಅಡುಗೆಮನೆಯಾಗಿತ್ತು. ಜುಲೈಯಲ್ಲಿ ಮನೆಯೊಳಗೆ ಸೆಕೆಯಾಗದಿರಲಿ ಎಂದು ಹಿಂಬದಿಗೆ ಅಂಟಿಸಿದ ತೆಳ್ಳನೆಯ ಗೋಡೆಯ ಜಾಗ. ಅಕ್ಟೋಬರಿನಲ್ಲಿ ರೊಸೇರ್‌ನ ಕಾಲುಗಳು ಮೆಟ್ಟಿಲು ಹತ್ತಲು ಒಪ್ಪದೆ ಹೋದಾಗ ಅಲ್ಲಿ ಮಂಚ ಹಾಕಿದರು, ಎಲ್ಫೇಜ್ ಬಂದು ಗೋಡೆಯ ಬುಡದುದ್ದಕ್ಕೂ ಬಿಸಿನೀರಿನ ಕೊಳವೆ ಓಡಿಸಿದ. ಅಲ್ಲಿಯವರೆಗೆ ಆ ಮನೆ ಎರಡು ಪಾಲಾಗಿತ್ತು: ಅಡುಗೆಮನೆ ಮತ್ತು ಮೇಲ್ಮಹಡಿ ಒಂದು, ಮುಂದಿನ ಕೋಣೆ ಒಂದು. ಈಗ ಮೂರಾಯಿತು. ಮೂರಕ್ಕೂ ಗೋಡೆಯ ಮೇಲೆ ಒಂದೊಂದು ದುಂಡು ಡಬ್ಬಿ, ನೆಲಮಾಳಿಗೆಯಲ್ಲಿ ಒಂದೊಂದು ವಾಲ್ವು. ಯಾವ ಕೋಣೆಯ ಡಬ್ಬಿ ಕೇಳುತ್ತದೋ ಆ ಕೋಣೆಯ ವಾಲ್ವು ತೆರೆದು ಬಿಸಿನೀರು ಅಲ್ಲಿಗಷ್ಟೇ ಹೋಗುತ್ತದೆ. ಈಗ ಮಂಚದ ಮೇಲೆ ಹಾಸಿಗೆ ಇರಲಿಲ್ಲ. ಓಡೀಲ್ ಎಲ್ಲ ಎತ್ತಿ ಒಗೆಯಲು ಹಾಕಿದ್ದಳು. ಬರೀ ಸ್ಪ್ರಿಂಗಿನ ಜಾಲರಿ, ನಡುವೆ ಒಬ್ಬ ಮನುಷ್ಯನಷ್ಟು ಅಗಲಕ್ಕೆ ತಗ್ಗು. ಡಬ್ಬಿಯ ಬಿಲ್ಲೆ ಎಂಬತ್ತಕ್ಕೆ ತಿರುಗಿತ್ತು, ಅದಕ್ಕಿಂತ ಮುಂದೆ ಅದು ಹೋಗುವುದಿಲ್ಲ. ಕೆಳಗಿನ ಮುಳ್ಳು ನಲವತ್ತೇಳು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು. ಎಪ್ಪತ್ತಕ್ಕೆ ಮನುಷ್ಯ ಬರೀ ಅಂಗಿಯಲ್ಲಿ ಕೂರಬಹುದು, ನಲವತ್ತೇಳಕ್ಕೆ ಬೆರಳು ಗುಂಡಿ ಹಾಕಲು ಒಪ್ಪುವುದಿಲ್ಲ. ಬಿಲ್ಲೆಯ ಅಂಚಿನ ಬಣ್ಣ ತಿರುಗಿಸಿ ತಿರುಗಿಸಿ ಸವೆದು ಹಿತ್ತಾಳೆ ಕಾಣುತ್ತಿತ್ತು. ನಾಲ್ಕು ತಿಂಗಳು ಕೂಡ ಆಗದ ಡಬ್ಬಿ. ಮಂಚದಿಂದ ಕೈ ಚಾಚಿದರೆ ಸಿಗಲಿ ಎಂದು ಎಲ್ಫೇಜನೇ ಅದನ್ನು ತಗ್ಗಿಗೆ ಹಾಕಿದ್ದ, ಆ ದಿನ ರೊಸೇರ್ ಅದಕ್ಕೆ ಎಷ್ಟು ಸಂತೋಷಪಟ್ಟಿದ್ದ.

ಕೆಳಗೆ ಬಾಯ್ಲರು ಉರಿಯುತ್ತಿತ್ತು. ಅದು ಅವನ ಬೆನ್ನಿಗೆ ಕೇಳಿಸಿತು. ಬಿಲ್ಲೆಯನ್ನು ಕೆಳಗೆ ತಿರುಗಿಸಿದ, ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಮೇಲೆ ತಿರುಗಿಸಿದ, ಮತ್ತೆ ಹತ್ತಿತು. ಜನವರಿಯಲ್ಲೂ ಇಷ್ಟನ್ನೇ ಮಾಡಿದ್ದ, ಇಷ್ಟೇ ಕೇಳಿದ್ದ. ಕೊಳವೆಯನ್ನು ಮುಟ್ಟಿ ನೋಡಿರಲಿಲ್ಲ. ಕೊಳವೆ ಮಂಚದ ಹಿಂದಿತ್ತು, ಅವನು ಒಳಗೆ ಕಾಲಿಟ್ಟಾಗ ರೊಸೇರ್ ಮಂಚದ ಪಕ್ಕದ ಮಲದ ಕುರ್ಚಿಯ ಮೇಲೆ ಕೂತಿದ್ದ, ಮೊಣಕಾಲಿನ ಮೇಲೊಂದು ತುಂಡು ಕಂಬಳಿ, ತೊಡೆಗಳು ಬೆಂದ ಆಲೂಗಡ್ಡೆಯ ಹಾಗೆ ಬಿಳಿಚಿಕೊಂಡಿದ್ದವು. ಹೊರಗೆ ಹೋಗಿ ಕಾಯುತ್ತೇನೆ ಎಂದಾಗ ರೊಸೇರ್, “ಎಲ್ಲಿಗೆ ಹೋಗ್ತೀಯೋ, ಇಲ್ಲೇ ನಿಲ್ಲು, ಇದು ಮುಗಿಯೋದು ಯಾವಾಗ ಅಂತ ದೇವರಿಗೂ ಗೊತ್ತಿಲ್ಲ” ಎಂದು ತಡೆದಿದ್ದ. ಆಮೇಲೆ, ಕಂಬಳಿಯ ತುದಿ ಹಿಡಿದುಕೊಂಡು, ಶಾಲೆಯ ಕೆಳಗಿನ ಕೋಣೆಯ ಅದೇ ಧ್ವನಿಯಲ್ಲಿ ಹೇಳಿದ್ದ: “ಕೇಳಿಲ್ಲಿ. ಬೆಂಕಿ ಹತ್ತುತ್ತೆ. ನಾನು ತಿರುಗಿಸಿದಾಗೆಲ್ಲ ಹತ್ತುತ್ತೆ, ಬೆನ್ನಿಗೆ ಕೇಳಿಸುತ್ತೆ. ಉರಿದದ್ದು ಎಲ್ಲೋ ಹೋಗ್ತಿದೆ ಕಣೋ. ಇಲ್ಲಿಗೆ ಬರ್ತಿಲ್ಲ. ಎಲ್ಲಿಗೆ ಹೋಗ್ತಿದೆ ಅಂತ ನೋಡು.” ಮೂಗಿಗೆ ಬರುತ್ತಿದ್ದ ವಾಸನೆಯಿಂದ ಮುಖ ತಿರುಗಿಸಿಕೊಳ್ಳದೆ ನಿಲ್ಲುವುದೇ ಕಷ್ಟವಾಗಿ, ಮಂಚ ಸರಿಸಲು ಬಗ್ಗಿದರೆ ಆ ಪಾತ್ರೆಯ ಮಟ್ಟಕ್ಕೆ ಮುಖ ಬರುತ್ತದೆ ಎಂದು ಲೆಕ್ಕ ಹಾಕಿ, ಎಲ್ಫೇಜ್ ನಗುತ್ತ ಹೇಳಿದ್ದ: “ಎಲ್ಲ ಸರಿಯಾಗೇ ಇದೆ. ಗೋಡೆ ತೆಳ್ಳಗಿದೆ, ಉತ್ತರದ ಗಾಳಿ. ಕಾಯಿಲೆಯವರಿಗೆ ಯಾವಾಗಲೂ ಚಳಿ ಜಾಸ್ತಿ.” ಬಾಗಿಲ ಬಳಿ ನಿಂತಿದ್ದ ಓಡೀಲ್ ಅದನ್ನು ಕೇಳಿಸಿಕೊಂಡಿದ್ದಳು. ತಪ್ಪಿದಾಗ ಬೈಯದೆ ಮತ್ತೆ ನಿಲ್ಲಿಸುತ್ತಿದ್ದ ರೊಸೇರ್ ಆ ದಿನ ನಿಲ್ಲಿಸಲಿಲ್ಲ.

ಎಲ್ಫೇಜ್ ಈಗ ಮಂಚವನ್ನು ಎಳೆದ. ಹಗುರವಾಗಿತ್ತು, ಒಂದೇ ಕೈಗೆ ಬಂತು. ಹಿಂದೆ ಧೂಳು, ಒಂದು ಚಪ್ಪಲಿ, ಉರುಳಿಹೋದ ಎರಡು ಮಾತ್ರೆಗಳು. ಮಂಡಿಯೂರಿ ಕೊಳವೆಯ ಮೇಲೆ ಅಂಗೈಯಿಟ್ಟ. ನದಿಯ ಕಲ್ಲಿನ ಹಾಗಿತ್ತು. ಅಂಗೈಯನ್ನು ಅಲ್ಲೇ ಇಟ್ಟುಕೊಂಡು ಕೂತ. ಕೆಳಗೆ ಬಾಯ್ಲರು ಮನಸಾರೆ ಉರಿಯುತ್ತಿತ್ತು, ಅಂಗೈ ಮಾತ್ರ ಮರಗಟ್ಟುತ್ತ ಹೋಯಿತು. ತೆಗೆಯಬೇಕು ಎಂದು ಅನ್ನಿಸಿದರೂ ತೆಗೆಯಲಿಲ್ಲ. ಮುಟ್ಟಿದ್ದರೆ ಇಷ್ಟೇ ಆಗಿತ್ತು. ಒಂದು ಉಸಿರು ಬಿಗಿಹಿಡಿದು ಬಗ್ಗಿದ್ದರೆ.

ನೆಲಮಾಳಿಗೆಯ ಮೆಟ್ಟಿಲುಗಳನ್ನು ಇಳಿಯುವಾಗ ಅವನು ಮೊದಲು ವಾಲ್ವಿನ ಮೇಲೆ ಆಸೆಯಿಟ್ಟಿದ್ದ. ವಾಲ್ವು ಸಿಕ್ಕಿಹಾಕಿಕೊಂಡಿರಬಹುದು, ಅದು ಯಾರ ತಪ್ಪೂ ಅಲ್ಲ, ಲೋಹದ ತಪ್ಪು. ತೊಲೆಗೆ ತೂಗಿದ ದೀಪ ಹಾಕಿದ. ಮೂರು ಕೊಳವೆಗಳು ಸಾಲಾಗಿ ಮೇಲೆ ಹೋಗಿದ್ದವು. ಅಡುಗೆಮನೆಯದು ಬೆಚ್ಚಗಿತ್ತು. ಮುಂದಿನ ಕೋಣೆಯದನ್ನು ಮುಟ್ಟಿದವನು ಬೆರಳು ಸುಟ್ಟು ಕೈ ಹಿಂದಕ್ಕೆ ಎಳೆದುಕೊಂಡ. ಹಿಂದಿನ ಕೋಣೆಯದು ತಣ್ಣಗೆ ಬೆವರಿತ್ತು. ಅದರ ವಾಲ್ವಿನ ಪಕ್ಕದ ಸಣ್ಣ ಹಿಡಿಯನ್ನು ಕೈಯಿಂದಲೇ ಒತ್ತಿ ತೆರೆದ: ಒಂದು ಕ್ಷಣ ಗಾಳಿ ಗೊರಗುಟ್ಟಿ, ಬಿಸಿನೀರು ನುಗ್ಗಿ, ಕೊಳವೆ ಕೈಯಡಿಯಲ್ಲೇ ಬಿಸಿಯಾಗುತ್ತ ಹೋಯಿತು. ವಾಲ್ವಿಗೆ ಏನೂ ಆಗಿರಲಿಲ್ಲ. ಅದಕ್ಕೆ ಯಾರೂ ಹೇಳಿರಲಿಲ್ಲ, ಅಷ್ಟೆ. ನೆಲದ ತೂತಿನಿಂದ ಮೂರು ಜೊತೆ ತಂತಿಗಳು ಇಳಿದು ಬಂದಿದ್ದವು. ಮೂರಕ್ಕೂ ಒಂದೇ ಬಿಳಿಯ ಹೊದಿಕೆ. ಅವನ್ನು ಜೋಡಿಸಿದ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಅವನದೇ ಕೈಬರಹ: ಅಡುಗೆ, ಮುಂದೆ, ಹಿಂದೆ. ಅಕ್ಷರಗಳು ದುಂಡಗೆ, ನಿಧಾನವಾಗಿ ಬರೆದವನ ಹಾಗಿದ್ದವು. ಆದರೆ ಆ ದಿನ ಅವನು ಏನನ್ನೂ ನಿಧಾನವಾಗಿ ಮಾಡಿರಲಿಲ್ಲ. ಮಾರನೆಯ ದಿನ ಜಿಂಕೆ ಬೇಟೆ ಶುರು. ಕತ್ತಲಾಗುವುದರೊಳಗೆ ಕಾಡಿನ ಗುಡಿಸಲಿಗೆ ಮುಟ್ಟಬೇಕಾಗಿತ್ತು, ಗಾಡಿಯಲ್ಲಿ ಬಂದೂಕು, ಹಂದಿಮಾಂಸ ಹಾಕಿ ಬೇಯಿಸಿದ ಅವರೆಯ ಮಡಕೆ, ಎರಡು ಬಾಟಲಿ. ಕೊನೆಗೆ ಪರೀಕ್ಷೆ ಮಾಡುವಾಗ ಒಂದೊಂದಾಗಿ ತಿರುಗಿಸಿ ಕೆಳಗೆ ಮೇಲೆ ಮೂರು ಸಲ ಓಡಾಡುವ ಬದಲು, ಮೂರನ್ನೂ ಒಟ್ಟಿಗೆ ಮೇಲಕ್ಕೆ ತಿರುಗಿಸಿ ಬಂದು ಮೂರು ಕೊಳವೆಗಳನ್ನೂ ಮುಟ್ಟಿ ನೋಡಿದ್ದ. ಮೂರೂ ಬಿಸಿ. ಮೂರೂ ಬಿಸಿಯಾದರೆ ಯಾವುದು ಯಾರ ಮಾತು ಕೇಳಿ ಬಿಸಿಯಾಯಿತು ಎಂಬುದು ಗೊತ್ತಾಗುವುದಿಲ್ಲ. ಇದು ಅವನಿಗೆ ಗೊತ್ತಿದ್ದ ವಿಷಯ. ಬೇರೆಯವರಿಗೆ ಅವನೇ ಹೇಳಿಕೊಟ್ಟ ವಿಷಯ.

ಮೇಲೆ ಹೋಗಿ ಹಿಂದಿನ ಕೋಣೆಯ ಬಿಲ್ಲೆಯನ್ನು ಕೆಳಗಿಳಿಸಿ ಮತ್ತೆ ಇಳಿದು ಬಂದ. ಮುಂದಿನ ಕೋಣೆಯ ವಾಲ್ವು ಸಣ್ಣಗೆ ಗುನುಗಿ ಮುಚ್ಚಿಕೊಂಡಿತು. ಮತ್ತೇನೂ ನೋಡುವ ಅಗತ್ಯವಿರಲಿಲ್ಲ. ರೊಸೇರ್ ಹಿಂದಿನ ಕೋಣೆಯಿಂದ ಕೇಳಿದ್ದಕ್ಕೆಲ್ಲ ಮುಂದಿನ ಕೋಣೆ ಉತ್ತರ ಕೊಟ್ಟಿತ್ತು. ಹಿಂದಿನ ಕೋಣೆಗೆ ಶಾಖ ಬರಬೇಕಾದರೆ ಕೇಳಬೇಕಾಗಿದ್ದದ್ದು ಮುಂದಿನ ಕೋಣೆಯ ಡಬ್ಬಿ. ಐವತ್ತಕ್ಕೆ ತಿರುಗಿಸಿಟ್ಟ ಆ ಡಬ್ಬಿ, ತನ್ನ ಸುತ್ತ ಬೇಕಾದಷ್ಟು ಬೆಚ್ಚಗಿದೆ ಎಂದು ಬಾಯಿ ಮುಚ್ಚಿಕೊಂಡಿತ್ತು. ಎಲ್ಫೇಜ್ ಎರಡು ಜೊತೆ ತಂತಿಗಳನ್ನು ಬಿಚ್ಚಿ, ಅದರ ಜಾಗಕ್ಕೆ ಇದನ್ನು, ಇದರ ಜಾಗಕ್ಕೆ ಅದನ್ನು ಹಾಕಿ, ನಾಲ್ಕು ತಿರುಪುಗಳನ್ನು ಬಿಗಿಮಾಡಿದ. ಒಂದು ನಿಮಿಷವೂ ಹಿಡಿಯಲಿಲ್ಲ. ನೂರು ದಿನ, ಒಂದು ನಿಮಿಷ.

ಕಣಿವೆಯಲ್ಲಿ ಮುಂದಿನ ಕೋಣೆಯನ್ನು ಸತ್ತವರ ಹಬ್ಬ ಕಳೆದ ಮೇಲೆ ಮುಚ್ಚಿದರೆ ಈಸ್ಟರಿನವರೆಗೆ ತೆರೆಯುವುದಿಲ್ಲ. ನಡುವೆ ಪಾದ್ರಿ ಬಂದರೆ ತೆರೆಯುತ್ತಾರೆ, ಇಲ್ಲ ಶವಪೆಟ್ಟಿಗೆ ಇಡಬೇಕಾದರೆ. ಬಾಗಿಲಡಿಯಲ್ಲಿ ಸುರುಳಿ ಸುತ್ತಿದ ಚಾಪೆ ಒತ್ತಿಟ್ಟಿತ್ತು. ಎಲ್ಫೇಜ್ ಅದನ್ನು ಕಾಲಿನಿಂದ ಸರಿಸಿ ಬಾಗಿಲು ತಳ್ಳಿದಾಗ ಶಾಖ ಮುಖಕ್ಕೆ ರಾಚಿತು, ಆಗಸ್ಟಿನ ಹುಲ್ಲಟ್ಟದ ಶಾಖ, ಒಣಗಿದ ಮರ ಮತ್ತು ಹಳೆಯ ಮೇಣದ ವಾಸನೆಯ ಶಾಖ. ಕನ್ನಡಕ ಮಬ್ಬಾಯಿತು. ಅದನ್ನು ಒರೆಸಿಕೊಂಡು ನೋಡಿದರೆ ಕಾಲುಹಾರ್ಮೋನಿಯಮ್ಮಿನ ಹಲಗೆ ಉದ್ದಕ್ಕೆ ಸೀಳಿತ್ತು. ಸಂತ ಆ್ಯನಳ ಪಟದ ಕೆಳಗಿನ ಕಪಾಟಿನಲ್ಲಿ, ತಿಂಗಳ ಮೊದಲಲ್ಲಿ ಇಗರ್ಜಿಯಲ್ಲಿ ಮಂತ್ರಿಸಿ ತಂದ ಎರಡು ಮೇಣದ ಬತ್ತಿಗಳು ಸೊಂಟ ಮುರಿದು ತಲೆ ಕೆಳಗಾಗಿ ಬಾಗಿದ್ದವು. ಇದನ್ನೆಲ್ಲ ಅವನು ನಿರೀಕ್ಷಿಸಿದ್ದ. ನಿರೀಕ್ಷಿಸದೆ ಇದ್ದದ್ದು ಕಿಟಕಿಯ ಕಡೆ ತಿರುಗಿಸಿದ್ದ ಒಂದು ಕುರ್ಚಿ. ಉಳಿದ ಕುರ್ಚಿಗಳಿಗೆಲ್ಲ ಬಿಳಿಯ ಬಟ್ಟೆ ಹೊದಿಸಿತ್ತು, ಇದಕ್ಕಿರಲಿಲ್ಲ. ಅದರ ಮುಂದೆ ಒಂದು ಪುಟ್ಟ ಮೇಜು. ಮೇಜಿನ ಮೇಲೆ ಒಬ್ಬರೇ ಆಡುವ ಆಟದಲ್ಲಿ ಅರ್ಧಕ್ಕೆ ನಿಂತ ಇಸ್ಪೀಟು ಎಲೆಗಳು, ತಳದಲ್ಲಿ ಚಹಾ ಒಣಗಿದ ಒಂದು ಬಟ್ಟಲು. ಕುರ್ಚಿಯ ದಿಂಬಿನಲ್ಲಿ ಈಚೆಗೆ ಕೂತೆದ್ದ ತಗ್ಗು.

ಹಿಂದೆ ಕಾವಲಿ ಕೆರೆಯುವ ಸದ್ದು ನಿಂತಿತು. ಓಡೀಲ್ ಬಾಗಿಲಿನ ಚೌಕಟ್ಟಿಗೆ ಬಂದು ನಿಂತಿದ್ದಳು. ಅವಳು ಅವನನ್ನು ನೋಡಲಿಲ್ಲ, ಕುರ್ಚಿಯನ್ನೂ ನೋಡಲಿಲ್ಲ. ಮೇಣದ ಬತ್ತಿಗಳನ್ನು ನೋಡಿದಳು.

“ತಂತಿ ಅದಲುಬದಲಾಗಿತ್ತು. ನಾನೇ ಮಾಡಿದ್ದು, ಆವತ್ತು ಹಾಕಿದಾಗಲೇ” ಅಂದ ಎಲ್ಫೇಜ್. ಹೇಳಿದ್ದು ಎಷ್ಟು ಸಲೀಸಾಗಿ ಬಂತೆಂದರೆ ಅದು ಸಾಲದು ಎನಿಸಿತು. “ಅವರು ಅಲ್ಲಿ ತಿರುಗಿಸಿದ್ದು ಇಲ್ಲಿಗೆ ಬರ್ತಿತ್ತು.”

“ಎಲ್ಲಾನೂ?”

“ಎಲ್ಲಾನೂ.”

ಅವಳು ಬಂದು ಆ ಕುರ್ಚಿಯಲ್ಲೇ ಕೂತಳು. ಬೇರೆ ಕಡೆ ಕೂರಬೇಕಾದರೆ ಬಟ್ಟೆ ತೆಗೆಯಬೇಕಾಗಿತ್ತು. ಎಲೆಗಳನ್ನು ಒಟ್ಟುಮಾಡಿ ಅಂಚು ತಟ್ಟಿ ಸರಿಮಾಡಿದಳು. “ಮಧ್ಯಾಹ್ನ ಅವನು ಊಟ ಮಾಡಿ ಮಲಗಿದ ಮೇಲೆ ಬರ್ತಿದ್ದೆ. ಹತ್ತು ನಿಮಿಷ ಅಂತ ಬರೋದು, ಒಂದು ಗಂಟೆ ಆಗ್ತಿತ್ತು. ಬಾಗಿಲು ಹಾಕಿಕೊಂಡರೆ ಕೆಮ್ಮು ಕೇಳಿಸಲ್ಲ.” ಎಲೆಗಳ ಕಟ್ಟನ್ನು ಮತ್ತೊಮ್ಮೆ ಮೇಜಿಗೆ ತಟ್ಟಿದಳು. “ಕೇಳಿಸ್ತಿತ್ತು. ಕರೆಯೋದೂ ಕೇಳಿಸ್ತಿತ್ತು. ಇನ್ನೊಂದು ಎಲೆ, ಇನ್ನೊಂದು ಎಲೆ ಅಂತ ಕೂತಿರ್ತಿದ್ದೆ.”

“ಹಗಲೂ ರಾತ್ರಿ ನೋಡಿಕೊಂಡವರು ನೀವೊಬ್ಬರೇ. ಯಾರಾದರೂ—”

“ನೀನು ಸುಮ್ಮನಿರು. ಇಷ್ಟು ಬೆಚ್ಚಗಿದೆಯಲ್ಲ ಯಾಕೆ ಅಂತ ಒಂದು ದಿನಾನೂ ಕೇಳಿಕೊಳ್ಳಲಿಲ್ಲ ನಾನು. ದಕ್ಷಿಣದ ಬಿಸಿಲು ಅಂದುಕೊಂಡೆ. ಈ ಊರಲ್ಲಿ, ಜನವರಿಯಲ್ಲಿ! ಕೇಳಿಕೊಂಡಿದ್ದರೆ ನಿನಗೆ ಹೇಳಬೇಕಾಗ್ತಿತ್ತು. ಹೇಳಿದ್ದರೆ ನೀನು ಬಂದು ಸರಿ ಮಾಡಿಬಿಡ್ತಿದ್ದೆ.” ಅವಳ ಕೆನ್ನೆಗಳು ಕೋಣೆಯ ಬಿಸಿಗೆ ಕೆಂಪಾಗಿದ್ದವು, ನೋಡಿದವರು ಆರೋಗ್ಯ ಎನ್ನಬಹುದಾಗಿತ್ತು. “ಅವನು ಚಳಿ ಚಳಿ ಅಂದಾಗೆಲ್ಲ ನಾನು ಏನನ್ನುತ್ತಿದ್ದೆ ಗೊತ್ತಾ? ಎಲ್ಫೇಜ್ ಹೇಳಿಲ್ವಾ, ಕಾಯಿಲೆಯವರಿಗೆ ಯಾವಾಗಲೂ ಹಾಗೇ ಅಂತ.”

ಎಲ್ಫೇಜ್ ಬೆವರುತ್ತಿದ್ದ. ಕೋಟು ಬಿಚ್ಚಬೇಕೆನಿಸಿತು, ಈ ಕೋಣೆಯಲ್ಲಿ ಹಾಯಾಗಿ ನಿಲ್ಲುವುದು ಹೇಗೆಂದು ತಿಳಿಯದೆ ಬಿಚ್ಚಲಿಲ್ಲ.

“ಅವನಿಗೇನು ಹೇಳ್ತೀಯ?” ಅಂದಳು.

“ಇದ್ದದ್ದು ಹೇಳ್ತೀನಿ. ತಪ್ಪು ನನ್ನದು ಅಂತ.”

“ಇದ್ದದ್ದು ಅಂದರೆ ಶಾಖ ಇಲ್ಲಿಗೆ ಬರ್ತಿತ್ತು ಅಂತ. ಹೇಳಿದ ತಕ್ಷಣ ಅವನು ಕೇಳೋದು ಏನು? ಓಡೀಲ್‌ಗೆ ಗೊತ್ತಾಗಲಿಲ್ವಾ ಅಂತ. ಶನಿವಾರ ಶನಿವಾರ ಇಲ್ಲಿ ಧೂಳು ಹೊಡೆಯೋಳು ನಾನು ಅಂತ ಅವನಿಗೆ ಗೊತ್ತಿಲ್ವಾ? ಅವನು ಆ ಕಾಲದ ಬಾಯ್ಲರಿನೋನು. ಒಂದು ತುದಿ ಸಿಕ್ಕಿದರೆ ಇನ್ನೊಂದು ತುದಿಯವರೆಗೆ ಹೋಗ್ತಾನೆ.” ಎಲೆಗಳ ಕಟ್ಟನ್ನು ಜೇಬಿಗೆ ಹಾಕಿಕೊಂಡು ಎದ್ದಳು. “ಅವನು ಇನ್ನೆಷ್ಟು ದಿನ ಇರ್ತಾನೋ. ಆ ಮಂಚದಿಂದ ನನ್ನ ಮುಖಾನೇ ನೋಡ್ತಾ ಇರಬೇಕು. ಹೊಸ ಡಬ್ಬಿ ತಂದಿದ್ದೀಯಲ್ಲ, ಹಾಕಿಬಿಡು. ಹಳೆಯದು ಕೆಟ್ಟಿತ್ತು ಅನ್ನು.”

ಅವನು ಬೇಡ ಎನ್ನಬಹುದಾಗಿತ್ತು. ಬಾಯಿಯವರೆಗೆ ಬಂದಿತ್ತು ಕೂಡ. ಆದರೆ ಅವಳ ಮಾತು ಕಿವಿಗೆ ಬಿದ್ದ ಕ್ಷಣದಲ್ಲೇ ಅವನೊಳಗೆ ಏನೋ ಸಡಿಲವಾಗಿ, ಬಿಗಿದ ತಿರುಪೊಂದು ಅರ್ಧ ಸುತ್ತು ತಿರುಗಿದ ಹಾಗೆ ಹಗುರವಾಗಿತ್ತು. ಅವಳನ್ನು ಕಾಪಾಡಲು, ಮುದುಕಿಯ ಮುಖ ಉಳಿಸಲು ಎಂದು ತನಗೆ ತಾನೇ ಹೇಳಿಕೊಂಡ. ಅದು ಸುಳ್ಳೂ ಅಲ್ಲ. ಕ್ಲೋವಿಸನ ಅಂಗಡಿಯ ಒಲೆಯ ಪಕ್ಕ ಕೂತವರು, ಡಬ್ಬಿ ಕೆಟ್ಟಿತ್ತಂತೆ, ಪಾಪ, ಎನ್ನುವುದು ಅವನಿಗೆ ಆಗಲೇ ಕೇಳಿಸಿತು. ಅದು ಕೇಳಿಸಿದ್ದಕ್ಕೆ ತನ್ನ ಮೇಲೆ ಅಸಹ್ಯವಾಯಿತು. ಅಸಹ್ಯ ಬಂದದ್ದರಿಂದ ತಾನಿನ್ನೂ ಪೂರ್ತಿ ಕೆಟ್ಟಿಲ್ಲ ಎಂಬ ಸಮಾಧಾನವೂ ಅದರ ಹಿಂದೆಯೇ ಬಂತು. ಹಿಂದಿನ ಕೋಣೆಗೆ ಹೋಗಿ, ಏನೂ ಆಗದ ಡಬ್ಬಿಯನ್ನು ಗೋಡೆಯಿಂದ ಬಿಚ್ಚಿ, ಅದರ ಜಾಗಕ್ಕೆ ಹೊಸದನ್ನು ಕೂರಿಸಿದ. ಮಟ್ಟ ನೋಡುವ ಕೋಲಿಟ್ಟು, ಕೂದಲೆಳೆಯಷ್ಟೂ ವಾಲದ ಹಾಗೆ, ಎಂದೂ ಯಾವ ಮನೆಯಲ್ಲೂ ಕೂರಿಸದಷ್ಟು ಶ್ರದ್ಧೆಯಿಂದ ಕೂರಿಸಿದ. ಬಿಲ್ಲೆ ಮೇಲಕ್ಕೆ ತಿರುಗಿಸಿದ ಸ್ವಲ್ಪ ಹೊತ್ತಿಗೆ ಕೊಳವೆ ಟಕಟಕ ಎಂದು ಹಿಗ್ಗತೊಡಗಿತು. ಮಧ್ಯಾಹ್ನ ಎರಡಕ್ಕೆ ಮುಳ್ಳು ಅರವತ್ತೆಂಟಕ್ಕೆ ಬಂದಿತ್ತು. ಅಷ್ಟರಲ್ಲಿ ಅವನು ಅಡುಗೆಮನೆಯ ಮೇಜಿನಲ್ಲಿ ಕೂತು ಬೆಣ್ಣೆ ಸವರಿದ ಆರು ಪ್ಲೋಯ್ ತಿಂದಿದ್ದ, ಅವಳು ಹಾಕಿದಷ್ಟನ್ನೂ. ಹಸಿವಿತ್ತು.

ಓಡೀಲ್‌ಗೆ ಗಾಡಿ ಓಡಿಸಲು ಬರುವುದಿಲ್ಲ. ಆಸ್ಪತ್ರೆಗೆ ಅವನೇ ಕರೆದುಕೊಂಡು ಹೋದ. ದಾರಿಯಲ್ಲಿ ಅವಳು, ಮೇಣದ ಬತ್ತಿಗಳನ್ನು ಎಸೆಯುವಂತಿಲ್ಲ, ಮಂತ್ರಿಸಿದ್ದು, ಒಲೆಗೆ ಹಾಕಬೇಕು ಅಂದಳು. ರೊಸೇರ್ ದಿಂಬುಗಳಿಗೆ ಒರಗಿದ್ದ. ಮೂಗಿಗೆ ಆಮ್ಲಜನಕದ ನಳಿಕೆ, ಗಲ್ಲದ ಮೇಲೆ ಮೂರು ದಿನದ ಬಿಳಿ ಕೂಳೆ. ಎಲ್ಫೇಜನನ್ನು ಕಂಡದ್ದೇ, “ಬಂದನಪ್ಪ ಹಿಮದ ವ್ಯಾಪಾರಿ” ಅಂದ. ಪಕ್ಕದ ಹಾಸಿಗೆಯವನು ನಕ್ಕ.

“ಕೋಣೆ ಬೆಚ್ಚಗಾಯ್ತು, ರೊಸೇರ್” ಅಂದಳು ಓಡೀಲ್. “ಅರವತ್ತೆಂಟು. ನಾನೇ ನೋಡಿದೆ. ಡಾಕ್ಟರಿಗೂ ಹೇಳಿ ಬಂದೆ.”

“ಏನಾಗಿತ್ತಂತೆ?”

“ಡಬ್ಬಿ ಕೆಟ್ಟಿತ್ತು” ಅಂದ ಎಲ್ಫೇಜ್. ಕೋಟಿನ ಜೇಬಿನಿಂದ ಅದನ್ನು ತೆಗೆದು ಕಂಬಳಿಯ ಮೇಲಿಟ್ಟ. ಯಾಕೆ ತಂದಿದ್ದನೋ. ಬಾಯಿಯ ಮಾತಿಗೆ ಕೈಯ ಆಸರೆ ಬೇಕೆನಿಸಿತ್ತೇನೋ.

ರೊಸೇರ್ ಕನ್ನಡಕ ಕೇಳಿ ಹಾಕಿಸಿಕೊಂಡ. ಉಗುರಿನಿಂದ ಮುಚ್ಚಳ ಎಬ್ಬಿಸಿ, ಬೆಳಕಿಗೆ ಹಿಡಿದು, ಮಲಗಿದ ಮಗುವನ್ನು ವಾಲಿಸಿದ ಹಾಗೆ ನಿಧಾನ ವಾಲಿಸಿದ. ಗಾಜಿನ ಗುಳ್ಳೆಯಲ್ಲಿ ಪಾದರಸದ ಹನಿ ಈ ಕಡೆ ಉರುಳಿ ಎರಡು ತಂತಿಗಳನ್ನು ಮುಟ್ಟಿತು. ಆ ಕಡೆ ವಾಲಿಸಿದ, ಬಿಟ್ಟು ದೂರ ಸರಿಯಿತು. ಮೂರು ಸಲ, ನಾಲ್ಕು ಸಲ ಹಾಗೆ ಮಾಡಿದ. ಪ್ರತಿ ಸಲವೂ ಹನಿ ತನ್ನ ಜಾಗಕ್ಕೆ ಹೋಯಿತು.

“ಚೆನ್ನಾಗೇ ಓಡ್ತಿದೆಯಲ್ಲೋ ಇದು.”

“ಒಂದೊಂದು ಸಲ ಹಿಡ್ಕೊಳ್ಳುತ್ತೆ.”

“ಹಿಡ್ಕೊಂಡಿದ್ದರೆ ಬೆಂಕಿ ಹತ್ತಬಾರದಿತ್ತು.” ಉಸಿರಿಗಾಗಿ ನಿಂತ. “ಹತ್ತುತ್ತಿತ್ತಲ್ಲ. ರಾತ್ರಿಯೆಲ್ಲ ಎಚ್ಚರ ಇದ್ದು ಎಣಿಸಿದ್ದೀನಿ ನಾನು. ತಿರುಗಿಸಿದಾಗೆಲ್ಲ ಹತ್ತುತ್ತಿತ್ತು.”

ಎಲ್ಫೇಜ್ ಮಂಚದ ಕಾಲುದೆಸೆಯ ಕಂಬಿಯನ್ನು ಹಿಡಿದುಕೊಂಡಿದ್ದ. ಈಗ, ಎಂದುಕೊಂಡ. ಈಗ ಹೇಳಿದರೂ ಆಗುತ್ತದೆ. ಓಡೀಲಳ ಹೆಸರೆತ್ತದೆ ನನ್ನದಷ್ಟನ್ನೇ ಹೇಳಬಹುದು, ಒಂದು ದಾರಿ ಇದ್ದೇ ಇರುತ್ತದೆ. ಅವನು ಹುಡುಕುತ್ತಿರುವಾಗಲೇ ರೊಸೇರ್ ಹೆಂಡತಿಯ ಕಡೆ ತಿರುಗಿದ್ದ.

“ಓಡೀಲ್, ನಿನಗೂ ಕೇಳಿಸ್ತಿತ್ತು ಅಲ್ವಾ?”

ಓಡೀಲ್ ಕಂಬಳಿಯ ಅಂಚನ್ನು ಹಾಸಿಗೆಯಡಿಗೆ ಸಿಕ್ಕಿಸುತ್ತಿದ್ದಳು. ಸಿಕ್ಕಿಸಿದ್ದನ್ನೇ ಎಳೆದು ಮತ್ತೆ ಸಿಕ್ಕಿಸಿದಳು. “ಇಲ್ಲ. ನನಗೆ ಏನೂ ಕೇಳಿಸಿದ ನೆನಪಿಲ್ಲ.”

ರೊಸೇರ್ ಅವಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಎಲ್ಫೇಜನನ್ನು. ನಳಿಕೆಯಲ್ಲಿ ಗಾಳಿ ಸುಯ್ಯೆನ್ನುತ್ತಿತ್ತು. ಮುಚ್ಚಳವನ್ನು ಡಬ್ಬಿಗೆ ಒತ್ತಿ ಕೂರಿಸಲು ಹೋದ. ಎರಡು ಸಲ ತಪ್ಪಿತು, ಮೂರನೆಯ ಸಲ ಕೂತಿತು. ಕನ್ನಡಕ ತೆಗೆದು ಅದರ ಪಕ್ಕ ಇಟ್ಟ.

“ಹಾಗಾದರೆ ನನಗೇ ತಪ್ಪು ಕೇಳಿಸಿರಬೇಕು” ಅಂದ.

“ಇರಬೇಕು” ಅಂದ ಎಲ್ಫೇಜ್.